ಮೆತ್ತಗಿನ ಅರೆವಾಹಕದೊಳಗೆ ಎಲೆಕ್ಟ್ರಾನ್ ಹೇಗೆ ಸಾಗುತ್ತದೆ, ಅದನ್ನು ಅಳೆಯುವುದು ಹೇಗೆ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ, ಈಗ ಬಿ.ಎಸ್ಸಿ. ಭೌತಶಾಸ್ತ್ರದ ಕೊನೆಯ ವರ್ಷ. ನಮ್ಮ ಪಾಠದಲ್ಲಿ ಅರೆವಾಹಕವೆಂದರೆ ಸಿಲಿಕಾನ್ ಮತ್ತು ಜರ್ಮೇನಿಯಂ ಮಾತ್ರ. ಆದರೆ ಮೊಬೈಲಿನ ಓಎಲ್‌ಇಡಿ ಪರದೆಯಲ್ಲಿ ಬೆಳಕು ಕೊಡುವುದು ಇಂಗಾಲದ ಮೆತ್ತಗಿನ ಅರೆವಾಹಕಗಳು ಎಂದು ಓದಿದೆ. ಅಂಥ ವಸ್ತುಗಳಿಗೆ ಸಿಲಿಕಾನಿನ ಲೆಕ್ಕಗಳೇ ಹೊಂದುತ್ತವೆಯೇ? ಅವುಗಳ ವಿದ್ಯುತ್ ಗುಣಗಳನ್ನು ಅಳೆಯುವುದು ಹೇಗೆ? ದೊಡ್ಡ ಉಪಕರಣಗಳಿಲ್ಲದ ನಮ್ಮಂಥ ಕಾಲೇಜಿನ ಲ್ಯಾಬಿನಲ್ಲಿ ಪ್ರಾಜೆಕ್ಟ್ ಮಾಡುವುದಕ್ಕೆ ಸಾಧ್ಯವೇ?

ಉತ್ತರ: ಪೂರ್ತಿ ಹೊಂದುವುದಿಲ್ಲ. ಎಲ್ಲಿ ಕೈಕೊಡುತ್ತದೆ ಎಂಬುದನ್ನು ಮೊದಲು ನೋಡೋಣ. ಅಳತೆಯ ವಿಚಾರವೂ ನಿಮ್ಮ ಪ್ರಾಜೆಕ್ಟಿನ ವಿಚಾರವೂ ಅದರ ಬೆನ್ನಿಗೇ ಬರುತ್ತವೆ.

ಸಿಲಿಕಾನ್ ಹರಳಿನಲ್ಲಿ ಪ್ರತಿ ಪರಮಾಣುವೂ ಅಕ್ಕಪಕ್ಕದ ನಾಲ್ಕಕ್ಕೆ ಗಟ್ಟಿ ಬಂಧದಿಂದ ಬಿಗಿದುಕೊಂಡಿದೆ. ಅದರ ಯಂಗ್ ಗುಣಾಂಕ, ಅಂದರೆ ಎಳೆದರೆ ಹಿಗ್ಗದ ಬಿಗಿತದ ಅಳತೆ, ದಿಕ್ಕಿಗೆ ತಕ್ಕಂತೆ 130ರಿಂದ 190 ಗಿಗಾಪಾಸ್ಕಲ್. ಸಾವಯವ, ಅಂದರೆ ಇಂಗಾಲದ, ಅರೆವಾಹಕದ ಹರಳುಗಳಲ್ಲಿ ಅದು ಹತ್ತರ ಆಸುಪಾಸು, ಪಾಲಿಮರ್ ಪದರಗಳಲ್ಲಿ ಇನ್ನೂ ಕಡಿಮೆ. ಇಷ್ಟು ವ್ಯತ್ಯಾಸಕ್ಕೆ ಕಾರಣ, ಇಲ್ಲಿ ಎರಡು ಬಗೆಯ ಬಂಧಗಳಿವೆ. ಒಂದು ಅಣುವಿನ ಒಳಗೆ ಇಂಗಾಲ-ಇಂಗಾಲದ ಬಂಧ ಬಲವಾಗಿಯೇ ಇದೆ. ಒಂದು ಬಿಟ್ಟು ಒಂದರಂತೆ ಏಕಬಂಧ, ದ್ವಿಬಂಧಗಳು ಬರುವುದರಿಂದ ಪೈ ಎಲೆಕ್ಟ್ರಾನುಗಳು ಒಂದೇ ಪರಮಾಣುವಿಗೆ ಅಂಟಿಕೊಳ್ಳದೆ ಸರಪಳಿಯುದ್ದಕ್ಕೂ ಹರಡಿಕೊಳ್ಳುತ್ತವೆ. ಅರೆವಾಹಕ ಗುಣ ಬರುವುದು ಇಲ್ಲಿಂದ. ಆದರೆ ಒಂದು ಅಣುವಿಗೂ ಪಕ್ಕದ ಅಣುವಿಗೂ ನಡುವೆ ಇರುವುದು ಬರೀ ವ್ಯಾನ್ ಡರ್ ವಾಲ್ಸ್ ಸೆಳೆತ. ಕೋಣೆಯ ಉಷ್ಣತೆಯಲ್ಲೇ ಅಣುಗಳು ಪಕ್ಕಕ್ಕೆ ಜಾರುತ್ತವೆ, ಅಲುಗಾಡುತ್ತವೆ, ಒಂದಿಷ್ಟು ತಿರುಗುತ್ತವೆ.

ಇಂಥ ವಸ್ತುವಿನಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದನ್ನು ಜಗತ್ತು ಗಂಭೀರವಾಗಿ ತೆಗೆದುಕೊಂಡದ್ದು 1977ರ ನಂತರ. ಹಿಡೆಕಿ ಶಿರಾಕಾವಾ, ಅಲನ್ ಮ್ಯಾಕ್‌ಡಿಯರ್ಮಿಡ್ ಮತ್ತು ಅಲನ್ ಹೀಗರ್ ಆ ವರ್ಷ ಪಾಲಿಅಸಿಟಿಲೀನ್ ಪದರಕ್ಕೆ ಅಯೋಡಿನ್ ಆವಿ ತಾಗಿಸಿ ಅದರ ವಾಹಕತೆಯನ್ನು ಕೋಟಿ ಪಟ್ಟಿನಷ್ಟು ಏರಿಸಿದರು. 2000ದ ರಸಾಯನಶಾಸ್ತ್ರ ನೊಬೆಲ್ ಅವರಿಗೆ ಬಂದದ್ದು ಈ ಕೆಲಸಕ್ಕೆ. ನೀವು ಹೇಳಿದ ಓಎಲ್‌ಇಡಿಯ ಬೇರು 1987ರಲ್ಲಿದೆ. ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಎರಡು ತೆಳುವಾದ ಸಾವಯವ ಪದರಗಳನ್ನು ಒಂದರ ಮೇಲೊಂದು ಕೂರಿಸಿ ಕಡಿಮೆ ವೋಲ್ಟೇಜಿನಲ್ಲೇ ಬೆಳಕು ತೆಗೆದರು.

ಈಗ ಲೆಕ್ಕಕ್ಕೆ ಬರೋಣ. ಪೆನ್ನು ಹಿಡಿದು ಜೊತೆಗೇ ಮಾಡಿ ನೋಡಿ. ನಿಮ್ಮ ಪುಸ್ತಕದಲ್ಲಿ ಚಲನಶೀಲತೆ ಎಂಬ ರಾಶಿ ಇದೆ: ಒಂದು ಏಕಮಾನ ವಿದ್ಯುತ್ ಕ್ಷೇತ್ರಕ್ಕೆ ಎಲೆಕ್ಟ್ರಾನ್ ಎಷ್ಟು ವೇಗ ಪಡೆಯುತ್ತದೆ ಎಂಬ ಅಳತೆ. ಚದರ ಸೆಂಟಿಮೀಟರ್ ಪ್ರತಿ ವೋಲ್ಟ್-ಸೆಕೆಂಡ್ ಎಂಬ ಏಕಮಾನದಲ್ಲಿ ಶುದ್ಧ ಸಿಲಿಕಾನಿಗೆ ಅದು ಸುಮಾರು 1400. ಒಳ್ಳೆಯ ಸಾವಯವ ಪದರಕ್ಕೆ 1 ಎಂದಿಟ್ಟುಕೊಳ್ಳಿ. ಚಲನಶೀಲತೆಯನ್ನು ಎಲೆಕ್ಟ್ರಾನಿನ ದ್ರವ್ಯರಾಶಿಯಿಂದ ಗುಣಿಸಿ ಅದರ ಆವೇಶದಿಂದ ಭಾಗಿಸಿದರೆ, ಎರಡು ಡಿಕ್ಕಿಗಳ ನಡುವಿನ ಕಾಲ ಸಿಗುತ್ತದೆ. ಸಾವಯವ ಪದರಕ್ಕೆ ಅದು ಸೆಕೆಂಡಿನ ನೂರು ಕೋಟಿಯ ಒಂದು ಪಾಲನ್ನು ಮತ್ತೆ ಹತ್ತು ಲಕ್ಷ ಪಾಲು ಮಾಡಿದರೆ ಬರುವುದಕ್ಕಿಂತಲೂ ಕಡಿಮೆ. ಉಷ್ಣ ವೇಗದಿಂದ ಗುಣಿಸಿದರೆ ಎಲೆಕ್ಟ್ರಾನ್ ಡಿಕ್ಕಿಯಿಲ್ಲದೆ ಸಾಗುವ ದೂರ 0.07 ನ್ಯಾನೋಮೀಟರ್ ಎಂದು ಬರುತ್ತದೆ. ಆದರೆ ಒಂದರ ಮೇಲೊಂದು ಕೂತ ಎರಡು ಅಣುಗಳ ನಡುವಿನ ಅಂತರವೇ ಸುಮಾರು 0.35 ನ್ಯಾನೋಮೀಟರ್! ಪಕ್ಕದ ಅಣುವನ್ನು ತಲುಪುವ ಮುಂಚೆಯೇ ಐದಾರು ಸಲ ಡಿಕ್ಕಿ ಹೊಡೆಯಿತು ಎಂಬ ಮಾತಿಗೆ ಅರ್ಥವಿಲ್ಲ. ಸಿಲಿಕಾನಿನಲ್ಲಿ ಇದೇ ದೂರ ಹತ್ತಾರು ನ್ಯಾನೋಮೀಟರ್ ಬರುತ್ತದೆ, ಅಂದರೆ ಅನೇಕ ಪರಮಾಣುಗಳನ್ನು ದಾಟಿದ ಮೇಲೆ ಒಂದು ಡಿಕ್ಕಿ. ಅಲ್ಲಿ ಲೆಕ್ಕ ಸರಿ. ಇಲ್ಲಿ ಸ್ಥಿರವಾದ ಹರಳಿನಲ್ಲಿ ಹರಡಿದ ಅಲೆ, ಆಗೊಮ್ಮೆ ಈಗೊಮ್ಮೆ ಡಿಕ್ಕಿ ಎಂಬ ಚಿತ್ರವೇ ಮುರಿದುಬೀಳುತ್ತದೆ.

ಹಾಗಾದರೆ ಎಲೆಕ್ಟ್ರಾನ್ ಸಾಗುವುದು ಹೇಗೆ? ನೇಜಿ ನೆಡುವ ಗದ್ದೆಯಲ್ಲಿ ನಡೆದವರಿಗೆ ಇದು ಬೇಗ ಹೊಳೆಯುತ್ತದೆ. ಕಾಲಿಟ್ಟಲ್ಲಿ ಕೆಸರು ತಗ್ಗುತ್ತದೆ, ಆ ತಗ್ಗೇ ಕಾಲನ್ನು ಹಿಡಿಯುತ್ತದೆ, ಕಿತ್ತು ಮುಂದಿಟ್ಟರೆ ಅಲ್ಲೂ ಹೊಸ ತಗ್ಗು. ಆವೇಶವೊಂದು ಅಣುವಿನ ಮೇಲೆ ಕೂತಾಗ ಅದರ ಬಂಧಗಳ ಉದ್ದ ಬದಲಾಗುತ್ತದೆ, ಸುತ್ತಲಿನ ಅಣುಗಳೂ ತುಸು ಸರಿಯುತ್ತವೆ. ಆವೇಶ ಮತ್ತು ಅದು ಮಾಡಿಕೊಂಡ ಈ ತಗ್ಗು ಎರಡನ್ನೂ ಸೇರಿಸಿ ಪೋಲರಾನ್ ಎನ್ನುತ್ತಾರೆ. ತಗ್ಗು ಆಳವಾಗಿದ್ದರೆ ಆವೇಶ ಒಂದು ಅಣುವಿನಿಂದ ಇನ್ನೊಂದಕ್ಕೆ ನೆಗೆಯಲು ಉಷ್ಣದ ನೆರವು ಬೇಕು. ಹಾಗಾಗಿ ಬಿಸಿ ಏರಿದಂತೆ ಚಲನಶೀಲತೆಯೂ ಏರುತ್ತದೆ. ಶುದ್ಧ ಸಿಲಿಕಾನಿನಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ.

ಆದರೆ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ, ನನಗೆ ಈ ವಿಷಯದ ಮೇಲೆ ಅತಿ ಹೆಚ್ಚು ಪ್ರೀತಿ ಇರುವುದೂ ಇಲ್ಲಿಯೇ. ರುಬ್ರೀನ್ ಎಂಬ ಸಾವಯವ ಹರಳಿನಲ್ಲಿ ಎಲೆಕ್ಟ್ರಾನ್ ಇಲ್ಲದೆ ಉಳಿದ ಧನಾವೇಶದ ಜಾಗಗಳಾದ ಹೋಲ್‌ಗಳ ಚಲನಶೀಲತೆ ಹತ್ತು ದಾಟುತ್ತದೆ. ಉಷ್ಣತೆ ಇಳಿಸಿದರೆ ಸಿಲಿಕಾನಿನಂತೆ ಅದು ಹೆಚ್ಚಾಗುತ್ತದೆ, ಕಾಂತಕ್ಷೇತ್ರದಲ್ಲಿ ಪ್ರವಾಹಕ್ಕೆ ಅಡ್ಡಲಾಗಿ ವೋಲ್ಟೇಜ್ ಹುಟ್ಟುವ ಹಾಲ್ ಪರಿಣಾಮವೂ ಕಾಣುತ್ತದೆ. ಆದರೂ ಡಿಕ್ಕಿಯಿಲ್ಲದೆ ಸಾಗುವ ದೂರದ ಲೆಕ್ಕ ಹಾಕಿದರೆ ಅಲೆಯ ಚಿತ್ರ ನೆಟ್ಟಗೆ ನಿಲ್ಲುವುದಿಲ್ಲ. 2006ರಲ್ಲಿ ಅಲೆಸಾಂಡ್ರೊ ಟ್ರೊಯಿಸಿ ಮತ್ತು ಜಾರ್ಜಿಯೊ ಓರ್ಲಾಂಡಿ ಇದಕ್ಕೊಂದು ದಾರಿ ತೋರಿಸಿದರು. ಎರಡು ಅಣುಗಳ ನಡುವೆ ಎಲೆಕ್ಟ್ರಾನ್ ದಾಟುವ ಸಾಮರ್ಥ್ಯ ಅವುಗಳ ಪರಸ್ಪರ ಸ್ಥಾನಕ್ಕೆ ಬಹಳ ಸೂಕ್ಷ್ಮ. ಅಣುಗಳ ಉಷ್ಣ ಅಲುಗಾಟದಿಂದ ಈ ಸಾಮರ್ಥ್ಯ ತನ್ನ ಸರಾಸರಿಯಷ್ಟೇ ದೊಡ್ಡ ಪ್ರಮಾಣದಲ್ಲಿ ಏರಿಳಿಯುತ್ತಿರುತ್ತದೆ. ಹರಳು ಎಷ್ಟೇ ಶುದ್ಧವಾಗಿರಲಿ, ಎಲೆಕ್ಟ್ರಾನಿಗೆ ಅದು ಆ ಕ್ಷಣಕ್ಕೆ ಅಸ್ತವ್ಯಸ್ತವಾಗಿಯೇ ಕಾಣುತ್ತದೆ. ಹಾಗಾಗಿ ಎಲೆಕ್ಟ್ರಾನ್ ಕೆಲವು ಅಣುಗಳ ಮೇಲೆ ಸಿಕ್ಕಿಕೊಳ್ಳುತ್ತದೆ. ಪಿಕೋಸೆಕೆಂಡಿನಲ್ಲಿ ಅಣುಗಳು ಸರಿದಾಗ ಬಿಡುಗಡೆಯಾಗಿ ಬೇರೆ ಕಡೆ ಸಿಕ್ಕಿಕೊಳ್ಳುತ್ತದೆ. ಸಿಲಿಕಾನಿನ ಪಾಠದಲ್ಲಿ ಹರಳಿನ ಕಂಪನ ಅಡ್ಡಿ ಮಾತ್ರ. ಇಲ್ಲಿ ಎಲೆಕ್ಟ್ರಾನನ್ನು ಹಿಡಿಯುವುದೂ ಅದೇ, ಬಿಡಿಸುವುದೂ ಅದೇ. ಮೆತ್ತಗಿನ ಅರೆವಾಹಕವನ್ನು ಅಧ್ಯಯನ ಮಾಡುವುದೆಂದರೆ ಎಲೆಕ್ಟ್ರಾನನ್ನೂ ಅಣುವಿನ ಅಲುಗಾಟವನ್ನೂ ಒಟ್ಟಿಗೇ ನೋಡುವುದು. ಒಂದನ್ನು ಬಿಟ್ಟು ಇನ್ನೊಂದನ್ನು ಬರೆದ ಸಿದ್ಧಾಂತ ಇಲ್ಲಿ ಸಾಕಾಗುವುದಿಲ್ಲ.

ಬೆಳಕಿನ ವಿಚಾರದಲ್ಲೂ ಹೀಗೆಯೇ. ಸಿಲಿಕಾನಿನ ಡೈಎಲೆಕ್ಟ್ರಿಕ್ ಸ್ಥಿರಾಂಕ 11.7, ಸಾವಯವ ವಸ್ತುಗಳದು 3ರಿಂದ 4. ಅಂದರೆ ಎಲೆಕ್ಟ್ರಾನ್ ಮತ್ತು ಹೋಲ್ ನಡುವಿನ ಸೆಳೆತವನ್ನು ವಸ್ತು ಇಲ್ಲಿ ಅಷ್ಟಾಗಿ ತಗ್ಗಿಸುವುದಿಲ್ಲ. ಬೆಳಕು ಬಿದ್ದಾಗ ಹುಟ್ಟುವುದು ಬಿಡಿ ಆವೇಶಗಳಲ್ಲ, ಎಕ್ಸಿಟಾನ್ ಎಂಬ ಜೋಡಿ. ಕೋಣೆಯ ಉಷ್ಣ ಶಕ್ತಿ 0.025 ಎಲೆಕ್ಟ್ರಾನ್ ವೋಲ್ಟ್. ಈ ಜೋಡಿಯನ್ನು ಬಿಡಿಸಲು ಬೇಕಾದದ್ದು ಅನೇಕ ಸಾವಯವ ವಸ್ತುಗಳಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು. ಸೌರಕೋಶಕ್ಕೆ ಇದೊಂದು ತಲೆನೋವು. ಜೋಡಿ ಹತ್ತು ನ್ಯಾನೋಮೀಟರಿನಷ್ಟು ಅಲೆದಾಡಿ ನಂದಿಹೋಗುವ ಮುಂಚೆ ಎರಡು ಬೇರೆ ವಸ್ತುಗಳ ಗಡಿ ಸಿಗಬೇಕು. ಓಎಲ್‌ಇಡಿಗೆ ಅದೇ ವರ, ಜೋಡಿ ಬಿಡಿಸಿಕೊಳ್ಳದೆ ಕೂಡಿ ಬೆಳಕಾಗುತ್ತದೆ.

ಕಣ್ಣಿಗೇ ಕಾಣುವ ಒಂದು ಉದಾಹರಣೆ ಹೇಳುತ್ತೇನೆ. ಪಿ3ಎಚ್‌ಟಿ ಎಂಬ ಪಾಲಿಮರನ್ನು ಕ್ಲೋರೋಫಾರ್ಮಿನಲ್ಲಿ ಕರಗಿಸಿದರೆ ದ್ರಾವಣ ಕಿತ್ತಳೆ ಬಣ್ಣ. ಒಂದು ಹನಿಯನ್ನು ಗಾಜಿನ ಮೇಲೆ ಬಿಟ್ಟು ಸ್ಪಿನ್ ಕೋಟರ್ ಎಂಬ ಯಂತ್ರದಲ್ಲಿ ವೇಗವಾಗಿ ತಿರುಗಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಕ್ಲೋರೋಫಾರ್ಮ್ ಆರಿಹೋಗುತ್ತದೆ, ಕಿತ್ತಳೆ ಕಣ್ಣೆದುರೇ ನೇರಳೆಗೆಂಪಿಗೆ ತಿರುಗುತ್ತದೆ. ಹೊಸದಾಗಿ ಏನನ್ನೂ ಬೆರೆಸಿಲ್ಲ. ದ್ರಾವಣದಲ್ಲಿ ಸರಪಳಿ ಸುರುಳಿಸುತ್ತಿ ತಿರುಚಿಕೊಂಡಿದ್ದರಿಂದ ಎಲೆಕ್ಟ್ರಾನುಗಳು ಸ್ವಲ್ಪ ದೂರ ಮಾತ್ರ ಹರಡಿಕೊಂಡಿದ್ದವು. ಒಣಗುವಾಗ ಸರಪಳಿಗಳು ಚಪ್ಪಟೆಯಾಗಿ ಒಂದರ ಮೇಲೊಂದು ಕೂತವು, ಹರಡಿಕೆ ಹೆಚ್ಚಿತು, ಶಕ್ತಿಯ ಅಂತರ ಕುಗ್ಗಿತು. ಹೀರಿಕೆಯ ಶಿಖರ 450 ನ್ಯಾನೋಮೀಟರಿನಿಂದ 550ರ ಸುತ್ತಮುತ್ತ ಬರುತ್ತದೆ, 600ರ ಬಳಿ ಒಂದು ಸಣ್ಣ ಭುಜವೂ ಏಳುತ್ತದೆ. ಆ ಭುಜ ಸ್ಪಷ್ಟವಾಗಿದ್ದಷ್ಟೂ ಪದರದೊಳಗಿನ ಜೋಡಣೆ ಚೆನ್ನಾಗಿದೆ ಎಂದು ತಿಳಿಯಬೇಕು. ಶಕ್ತಿಪಟ್ಟಿಯ ಅಂತರ ಸಿಲಿಕಾನಿಗೆ 1.12 ಎಲೆಕ್ಟ್ರಾನ್ ವೋಲ್ಟ್ ಎಂದು ಪುಸ್ತಕದಿಂದ ಎತ್ತಿ ಬರೆಯಬಹುದು. ಇಲ್ಲಿ ಹಾಗೆ ಬರೆಯುವಂತಿಲ್ಲ, ಒಣಗಿಸಿದ ರೀತಿಗೆ ತಕ್ಕಂತೆ ಅದು ಬದಲಾಗುತ್ತದೆ.

ಅಳೆಯುವ ವಿಧಾನಗಳಲ್ಲಿ ಮೊದಲನೆಯದು ಈಗ ಹೇಳಿದ ಬೆಳಕಿನ ಹೀರಿಕೆ. ಎಲೆಕ್ಟ್ರಾನಿನ ಮಟ್ಟಗಳು ನಿರ್ವಾತದ ಮಟ್ಟಕ್ಕಿಂತ ಎಷ್ಟು ಕೆಳಗಿವೆ ಎಂದು ತಿಳಿಯಲು ಅತಿನೇರಳೆ ಕಿರಣ ಹಾಯಿಸಿ ಹೊರಬರುವ ಎಲೆಕ್ಟ್ರಾನುಗಳ ಶಕ್ತಿ ನೋಡುತ್ತಾರೆ. ರಸಾಯನಶಾಸ್ತ್ರದವರು ದ್ರಾವಣದಲ್ಲಿ ವೋಲ್ಟೇಜನ್ನು ಏರಿಸಿ ಇಳಿಸಿ ಪ್ರವಾಹ ನೋಡುವ ಸೈಕ್ಲಿಕ್ ವೋಲ್ಟಾಮೆಟ್ರಿಯಿಂದಲೂ ಅಂದಾಜು ಪಡೆಯುತ್ತಾರೆ. ಅದು ಅಗ್ಗದ ದಾರಿ, ಆದರೆ ಅಂದಾಜು ಅಂದಾಜೇ.

ಚಲನಶೀಲತೆಗೆ ಮೂರು ವಿಧಾನಗಳು ಬಳಕೆಯಲ್ಲಿವೆ, ಮೂರೂ ಒಂದೇ ಉತ್ತರ ಕೊಡುವುದಿಲ್ಲ. ಒಂದರಲ್ಲಿ ದಪ್ಪ ಪದರದ ಒಂದು ಬದಿಗೆ ಲೇಸರ್ ಮಿಂಚು ಹಾಯಿಸಿ ಆವೇಶಗಳು ಇನ್ನೊಂದು ಬದಿಗೆ ಬಂದು ಸೇರುವ ಕಾಲ ನೋಡುತ್ತಾರೆ. ಐದು ಮೈಕ್ರೋಮೀಟರ್ ಪದರ, 50 ವೋಲ್ಟ್, ಚಲನಶೀಲತೆ ಹಿಂದಿನ ಏಕಮಾನದಲ್ಲೇ ಹತ್ತು ಸಾವಿರದ ಒಂದು ಪಾಲು ಎಂದರೆ ಆ ಕಾಲ 50 ಮೈಕ್ರೋಸೆಕೆಂಡ್. ಸಾಧಾರಣ ಆಸಿಲೋಸ್ಕೋಪಿನಲ್ಲೂ ಇದು ಕಾಣುತ್ತದೆ. ಇನ್ನೊಂದರಲ್ಲಿ ಪದರಕ್ಕೆ ಅದು ಹಿಡಿಯಬಲ್ಲಷ್ಟು ಆವೇಶ ತುಂಬಿ ಪ್ರವಾಹ ಅಳೆಯುತ್ತಾರೆ. ಆಗ ಪ್ರವಾಹ ವೋಲ್ಟೇಜಿನ ವರ್ಗಕ್ಕೆ ಅನುಲೋಮ, ದಪ್ಪದ ಘನಕ್ಕೆ ವಿಲೋಮ. ದಪ್ಪವನ್ನು ಹತ್ತು ಶೇಕಡಾ ತಪ್ಪಾಗಿ ಅಳೆದರೆ ಚಲನಶೀಲತೆ ಮೂವತ್ತು ಶೇಕಡಾ ಹೊರಳುತ್ತದೆ. ಪ್ರಕಟವಾದ ಸಂಖ್ಯೆಗಳನ್ನು ಓದುವಾಗ ಇದನ್ನು ಮರೆಯಬೇಡಿ.

ಹೆಚ್ಚಿನವರು ಬಳಸುವುದು ಮೂರನೆಯದನ್ನು: ಆ ವಸ್ತುವಿನಿಂದ ಟ್ರಾನ್ಸಿಸ್ಟರ್ ಮಾಡಿ, ಗೇಟ್ ವೋಲ್ಟೇಜಿಗೆ ಪ್ರವಾಹದ ವರ್ಗಮೂಲದ ನಕ್ಷೆ ಬರೆದು, ಇಳಿಜಾರಿನಿಂದ ಚಲನಶೀಲತೆ ತೆಗೆಯುವುದು. ಪ್ರವಾಹ ಹರಿಯುವುದು ಇನ್ಸುಲೇಟರಿಗೆ ತಾಗಿದ ಒಂದೆರಡು ಅಣುಪದರಗಳಲ್ಲಿ ಮಾತ್ರ. ಆದ್ದರಿಂದ ನೀವು ಅಳೆಯುವುದು ವಸ್ತುವಿನ ಗುಣಕ್ಕಿಂತ ಹೆಚ್ಚಾಗಿ ಆ ಗಡಿಯ ಗುಣ. ಇದಕ್ಕೆ ಒಳ್ಳೆಯ ಸಾಕ್ಷಿ 2005ರಲ್ಲಿ ಸಿಕ್ಕಿತು. ಬಹುತೇಕ ಪಾಲಿಮರುಗಳು ಹೋಲ್ ಸಾಗಿಸುತ್ತವೆ, ಎಲೆಕ್ಟ್ರಾನ್ ಸಾಗಿಸುವುದಿಲ್ಲ ಎಂದು ಅಲ್ಲಿಯವರೆಗೆ ನಂಬಿದ್ದರು. ಕೇಂಬ್ರಿಜ್‌ನ ತಂಡ ಸಿಲಿಕಾನ್ ಡೈಆಕ್ಸೈಡಿನ ಮೇಲ್ಮೈಯ ಹೈಡ್ರಾಕ್ಸಿಲ್ ಗುಂಪುಗಳೇ ಎಲೆಕ್ಟ್ರಾನನ್ನು ಹಿಡಿದಿಡುತ್ತಿವೆ ಎಂದು ತೋರಿಸಿತು. ಆ ಗುಂಪುಗಳಿಲ್ಲದ ಇನ್ಸುಲೇಟರ್ ಬಳಸಿದಾಗ ಅವೇ ಪಾಲಿಮರುಗಳು ಎಲೆಕ್ಟ್ರಾನನ್ನೂ ಸಾಗಿಸಿದವು.

ಲೋಹ ತಾಗುವ ಜಾಗದ ಕಾಟ ಬೇರೆ. ಅಲ್ಲಿನ ತಡೆ ಗೇಟ್ ವೋಲ್ಟೇಜಿಗೆ ತಕ್ಕಂತೆ ಬದಲಾದರೆ ನಕ್ಷೆಯಲ್ಲಿ ಒಂದು ಮೊಣಕೈ ಮೂಡುತ್ತದೆ. ಅದರ ಕಡಿದಾದ ಭಾಗದಿಂದ ಲೆಕ್ಕ ಹಾಕಿದರೆ ಚಲನಶೀಲತೆ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬರುತ್ತದೆ. 2016ರ ಸುಮಾರಿಗೆ ಈ ಬಗ್ಗೆ ಗಟ್ಟಿ ದನಿ ಎದ್ದ ಮೇಲೆ ಅನೇಕ ದಾಖಲೆ ಸಂಖ್ಯೆಗಳನ್ನು ಮತ್ತೆ ಕೂತು ಪರೀಕ್ಷಿಸಬೇಕಾಯಿತು. ನಕ್ಷೆ ಕೊಡದೆ ಚಲನಶೀಲತೆಯ ಒಂದೇ ಒಂದು ಸಂಖ್ಯೆ ಕೊಟ್ಟ ಪ್ರಬಂಧವನ್ನು ನಾನು ನಂಬುವುದಿಲ್ಲ. ನೀವೂ ನಂಬಬೇಡಿ.

ಇನ್ನು ಗಾಳಿ ಮತ್ತು ನೀರು. ಬೇರೆ ಬೇರೆ ಪಾಲಿಮರುಗಳಲ್ಲೂ ಎಲೆಕ್ಟ್ರಾನುಗಳು ಸಿಕ್ಕಿಬೀಳುವ ಬಲೆ ಹೆಚ್ಚುಕಡಿಮೆ ಒಂದೇ ಶಕ್ತಿಯ ಮಟ್ಟದಲ್ಲಿದೆ, ನಿರ್ವಾತದ ಮಟ್ಟಕ್ಕಿಂತ ಸುಮಾರು 3.6 ಎಲೆಕ್ಟ್ರಾನ್ ವೋಲ್ಟ್ ಕೆಳಗೆ ಎಂದು 2012ರಲ್ಲಿ ಗೊತ್ತಾಯಿತು. ಇಷ್ಟೊಂದು ಭಿನ್ನ ವಸ್ತುಗಳಿಗೆ ಸಾಮಾನ್ಯವಾದ ಕಾರಣವೆಂದರೆ ಒಳನುಗ್ಗಿದ ನೀರು ಮತ್ತು ಆಮ್ಲಜನಕವೇ ಇರಬೇಕು ಎಂಬುದು ಆ ಸಂಶೋಧಕರ ಊಹೆ. ಹಾಗಾಗಿಯೇ ದೊಡ್ಡ ಪ್ರಯೋಗಾಲಯಗಳಲ್ಲಿ ಸಾರಜನಕ ತುಂಬಿದ ಗ್ಲೋವ್ ಬಾಕ್ಸಿನೊಳಗೆ ಕೈತೂರಿಸಿ ಕೆಲಸ ಮಾಡುತ್ತಾರೆ. ಸೌರಕೋಶದಲ್ಲಿ ಈಗ ಹೆಸರಾದ ಸೀಸದ ಪೆರೋವ್‌ಸ್ಕೈಟ್ ಕೂಡ ಮೆತ್ತಗಿನ ಜಾತಿಯೇ. 2009ರಲ್ಲಿ ಸುಮಾರು 4 ಶೇಕಡಾ ಇದ್ದ ದಕ್ಷತೆ ಈಗ 25 ದಾಟಿದೆ. ಅದರಲ್ಲಿ ಎಲೆಕ್ಟ್ರಾನ್ ಮಾತ್ರವಲ್ಲ, ಅಯಾನುಗಳೂ ಸರಿದಾಡುತ್ತವೆ. ಹಾಗಾಗಿ ವೋಲ್ಟೇಜನ್ನು ಏರಿಸುತ್ತಾ ಹೋದಾಗ ಒಂದು ವಕ್ರರೇಖೆ, ಇಳಿಸುತ್ತಾ ಬಂದಾಗ ಇನ್ನೊಂದು. ಕಪ್ಪು ಪದರಕ್ಕೆ ತೇವ ತಾಗಿದರೆ ಹಳದಿ ಸೀಸದ ಅಯೊಡೈಡ್ ಆಗಿಬಿಡುತ್ತದೆ. ಸೀಸದ ವಿಷದ ಕಾರಣಕ್ಕೆ ನಿಮ್ಮ ಪ್ರಾಜೆಕ್ಟಿಗೆ ಅದು ಬೇಡ.

ನಿಮ್ಮ ಲ್ಯಾಬಿಗೆ ನನ್ನ ಸಲಹೆ ಪಾಲಿಅನಿಲಿನ್ ಎಂಬ ವಾಹಕ ಪಾಲಿಮರ್. ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಕಾಸರಗೋಡಿನಲ್ಲಿ ಗ್ಲೋವ್ ಬಾಕ್ಸ್ ಇಲ್ಲದೆ ತೇವವನ್ನು ಹೊರಗಿಡುವುದು ಆಗದ ಮಾತು. ಅದನ್ನು ಹೊರಗಿಡುವ ಬದಲು ಅಳೆಯಿರಿ, ತೇವವೇ ನಿಮ್ಮ ಪ್ರಯೋಗದ ಚರಾಂಶವಾಗಲಿ. 0.2 ಮೋಲಾರ್ ಅನಿಲಿನ್ ಹೈಡ್ರೋಕ್ಲೋರೈಡ್ ಮತ್ತು 0.25 ಮೋಲಾರ್ ಅಮೋನಿಯಂ ಪರ್‌ಸಲ್ಫೇಟ್ ದ್ರಾವಣಗಳನ್ನು ಸಮಪ್ರಮಾಣದಲ್ಲಿ ಬೆರೆಸಿ, ಅದರಲ್ಲಿ ಸ್ವಚ್ಛವಾದ ಮೈಕ್ರೋಸ್ಕೋಪ್ ಸ್ಲೈಡನ್ನು ನಿಲ್ಲಿಸಿ. ಸ್ವಲ್ಪ ಹೊತ್ತು ಏನೂ ಆಗದು. ಆಮೇಲೆ ನೀಲಿ ಹುಟ್ಟಿ, ಗಾಢವಾಗಿ, ಹಸಿರಿಗೆ ತಿರುಗುತ್ತದೆ. ಥರ್ಮಾಮೀಟರ್ ಇಟ್ಟಿದ್ದರೆ ಬಿಸಿ ಏರುವುದೂ ಕಾಣುತ್ತದೆ. ಸ್ಲೈಡಿನ ಮೇಲೆ ತೆಳು ಹಸಿರು ಪದರ ಕೂರುತ್ತದೆ, ಅದನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು ಒಣಗಿಸಿ. ಅನಿಲಿನ್ ಲವಣ ವಿಷ, ಚರ್ಮದ ಮೂಲಕವೂ ಒಳಸೇರುತ್ತದೆ. ಕೈಗವಸು, ಕನ್ನಡಕ, ಫ್ಯೂಮ್ ಹುಡ್ ಬೇಕೇ ಬೇಕು. ರಸಾಯನಶಾಸ್ತ್ರದ ಅಧ್ಯಾಪಕರು ಪಕ್ಕದಲ್ಲಿರಲಿ. ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯದೆ ತ್ಯಾಜ್ಯದ ಬಾಟಲಿಗೆ ಹಾಕಿ.

ಜರ್ಮೇನಿಯಂ ಪ್ರಯೋಗಕ್ಕೆಂದು ನಿಮ್ಮಲ್ಲಿ ಫೋರ್ ಪ್ರೋಬ್, ಅಂದರೆ ಸಾಲಾಗಿ ನಾಲ್ಕು ಮೊನೆಗಳಿರುವ ಸಾಧನ, ಇದ್ದೇ ಇರಬೇಕು. ಅದರ ಮೊನೆಗಳನ್ನು ಬಳಸಿ, ಪ್ರವಾಹದ ಪೆಟ್ಟಿಗೆಯನ್ನು ಬಳಸಬೇಡಿ. ಅದು ಕೊಡುವ ಮಿಲಿಆಂಪಿಯರ್ ಈ ಪದರಕ್ಕೆ ಅತಿಯಾಯಿತು. 9 ವೋಲ್ಟಿನ ಬ್ಯಾಟರಿಗೆ ಸರಣಿಯಲ್ಲಿ ಒಂದು ಮೆಗಾಓಮ್ ರೆಸಿಸ್ಟರ್ ಹಾಕಿದರೆ ಸುಮಾರು 9 ಮೈಕ್ರೋಆಂಪಿಯರ್ ಸಿಗುತ್ತದೆ. ಜೊತೆಗೆ ಹತ್ತು ಕಿಲೋಓಮ್ ಸೇರಿಸಿ ಅದರ ಮೇಲಿನ ವೋಲ್ಟೇಜಿನಿಂದ ನಿಜವಾದ ಪ್ರವಾಹ ಲೆಕ್ಕಹಾಕಿ. ಈ ಪ್ರವಾಹವನ್ನು ಹೊರಗಿನ ಎರಡು ಮೊನೆಗಳಿಗೆ ಕೊಟ್ಟು, ನಡುವಿನ ಎರಡು ಮೊನೆಗಳ ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿ 4.53ರಿಂದ ಗುಣಿಸಿದರೆ ಪದರದ ಹಾಳೆತಡೆ, ಅಂದರೆ ಅದರ ಒಂದು ಚೌಕ ತುಂಡಿನ ತಡೆ, ಬರುತ್ತದೆ. ಬ್ಯಾಟರಿಯನ್ನು ತಿರುಗಿಸಿ ಮತ್ತೊಮ್ಮೆ ಅಳೆದು ಸರಾಸರಿ ತೆಗೆಯಿರಿ, ಏಕೆಂದರೆ ತೇವದಲ್ಲಿ ಅಯಾನುಗಳೂ ಚಲಿಸಿ ವೋಲ್ಟೇಜನ್ನು ಸರಿಸುತ್ತವೆ.

ಆಮೇಲೆ ಮುಚ್ಚಳ ಬಿಗಿಯಾದ ಮೂರು ಭರಣಿ ತೆಗೆದುಕೊಳ್ಳಿ. ಒಂದರಲ್ಲಿ ಸಿಲಿಕಾ ಜೆಲ್, ಇನ್ನೊಂದರಲ್ಲಿ ಮೆಗ್ನೀಸಿಯಂ ಕ್ಲೋರೈಡಿನ ಪರ್ಯಾಪ್ತ ದ್ರಾವಣ, ಮತ್ತೊಂದರಲ್ಲಿ ಅಡುಗೆ ಉಪ್ಪಿನದು. ಮೆಗ್ನೀಸಿಯಂ ಕ್ಲೋರೈಡ್ ಒಳಗಿನ ಗಾಳಿಯ ತೇವಾಂಶವನ್ನು 33 ಶೇಕಡಾದಲ್ಲಿ, ಉಪ್ಪು 75ರಲ್ಲಿ ಹಿಡಿದಿಡುತ್ತದೆ. ಸ್ಲೈಡನ್ನು ದ್ರಾವಣಕ್ಕೆ ತಾಗದಂತೆ ಮೇಲೆ ಕೂರಿಸಿ, ರಾತ್ರಿಯಿಡೀ ಬಿಟ್ಟು, ಹೊರತೆಗೆದ ಕೂಡಲೇ ಅಳೆಯಿರಿ. ಪಾಲಿಅನಿಲಿನ್ ತೇವ ಹೀರಿದಂತೆ ವಾಹಕತೆ ಸಾಮಾನ್ಯವಾಗಿ ಏರುತ್ತದೆ. ಎಷ್ಟು ಏರಿತು, ಒಣ ಭರಣಿಗೆ ಹಿಂತಿರುಗಿಸಿದರೆ ಮೊದಲಿನ ಬೆಲೆಗೆ ಬಂತೇ ಎಂಬುದೇ ನಿಮ್ಮ ಪ್ರಶ್ನೆ. ಇನ್ನೊಂದು ಸ್ಲೈಡನ್ನು ಅಮೋನಿಯಾ ನೀರಿಗೆ ಅದ್ದಿ. ಹಸಿರು ನೀಲಿಯಾಗಿ, ವಾಹಕತೆ ನಿಮ್ಮ ಮೀಟರಿಗೆ ಎಟುಕದಷ್ಟು ಕುಸಿಯುತ್ತದೆ. ಆಮ್ಲದಲ್ಲಿ ಅದ್ದಿದರೆ ಹಸಿರು ಮರಳುತ್ತದೆ. ಎರಡೂ ಸ್ಥಿತಿಯ ಹೀರಿಕೆಯ ನಕ್ಷೆಯನ್ನು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ತೆಗೆದಿಡಿ.

ಉಷ್ಣತೆಯೊಂದಿಗೆ ವಾಹಕತೆಯನ್ನು ನೋಡುವ ಆಸೆ ಬರುತ್ತದೆ. ನೋಡಿ, ಆದರೆ 70 ಡಿಗ್ರಿ ದಾಟಬೇಡಿ, ಬಿಸಿಗೆ ನೀರೂ ಆಮ್ಲವೂ ಹೊರಟುಹೋಗುತ್ತವೆ. ನೆಗೆತಕ್ಕೆ ಬೇಕಾದ ಶಕ್ತಿ 0.1 ಎಲೆಕ್ಟ್ರಾನ್ ವೋಲ್ಟ್ ಆಗಿದ್ದರೆ 300 ಕೆಲ್ವಿನ್‌ನಿಂದ 340ಕ್ಕೆ ಹೋದಾಗ ವಾಹಕತೆ 1.6 ಪಟ್ಟು ಮಾತ್ರ ಹೆಚ್ಚಾಗಬೇಕು. ನೀರು ಹೊರಟುಹೋದ ಪರಿಣಾಮ ಇದನ್ನು ಸುಲಭವಾಗಿ ನುಂಗಿಹಾಕಬಹುದು. ಬಿಸಿ ಮಾಡುವಾಗಲೂ ತಣಿಸುವಾಗಲೂ ಅಳೆಯಿರಿ. ಎರಡು ರೇಖೆಗಳು ಒಂದರ ಮೇಲೊಂದು ಕೂರದಿದ್ದರೆ ಸಕ್ರಿಯಣ ಶಕ್ತಿ ಎಂದು ಒಂದು ಸಂಖ್ಯೆ ಬರೆಯುವ ಹಕ್ಕು ನಿಮಗಿಲ್ಲ. ಕೂತರೂ, ಇಷ್ಟು ಕಿರಿದಾದ ವ್ಯಾಪ್ತಿಯಲ್ಲಿ ನೆಗೆತದ ಸಿದ್ಧಾಂತಗಳೆಲ್ಲ ಸರಳರೇಖೆಯಂತೆಯೇ ಕಾಣುತ್ತವೆ. ಯಾವುದು ಸರಿ ಎಂದು ತೀರ್ಮಾನಿಸಲು ದ್ರವ ಸಾರಜನಕದ ಉಷ್ಣತೆಯವರೆಗೆ ಇಳಿಯಬೇಕು.

ಎಂ.ಎಸ್ಸಿ.ಗೆ ಹೋಗುವ ಆಲೋಚನೆ ಇದ್ದರೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ ನಿಮ್ಮ ಜಿಲ್ಲೆಯಲ್ಲೇ ಇದೆ, ಗಡಿಯಾಚೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯವೂ ಹತ್ತಿರ. ಸಾವಯವ ಅರೆವಾಹಕಗಳ ಮೇಲೆ ಆಳವಾದ ಕೆಲಸ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ತಿರುವನಂತಪುರದ ಸಿಎಸ್‌ಐಆರ್ ಸಂಸ್ಥೆಯಲ್ಲೂ ನಡೆದಿದೆ. ಅಲ್ಲಿಗೆ ಬೇಸಿಗೆ ತರಬೇತಿಗೆ ಅರ್ಜಿ ಹಾಕುವಾಗ ಮೂರು ಭರಣಿಯ ಈ ನಕ್ಷೆಗಳನ್ನು ಜೊತೆಗಿಡಿ. ಒಂದೇ ಸ್ಲೈಡನ್ನು ಆಟಿ ತಿಂಗಳ ಮಳೆಯಲ್ಲೊಮ್ಮೆ, ಮಾರ್ಚಿನ ಒಣ ಬಿಸಿಲಿನಲ್ಲೊಮ್ಮೆ ಅಳೆದು, ಎರಡೂ ದಿನದ ತೇವಾಂಶವನ್ನು ಸಂಖ್ಯೆಯಲ್ಲಿ ಬರೆದಿಟ್ಟಿದ್ದರೆ ಅದನ್ನೂ ಸೇರಿಸಿ.